ಬಸ್ಸಿಗೆ ಅರ್ಜಿ ಬರೆಯುವ ಮುಂಚೆ ಊರನ್ನು ಕೇಳಿ

ನಮ್ಮೂರಿಗೆ ಒಂದು ಸಲ ಬಸ್ ಬಂದು, ನಾಲ್ಕು ತಿಂಗಳಿದ್ದು, ವಾಪಸ್ ಹೋಗಿದೆ. ಶಕ್ತಿ ಯೋಜನೆಗಿಂತ ಮುಂಚಿನ ಮಾತು. ಮಲೆನಾಡಿನ ಊರು. ಟಾರ್ ರಸ್ತೆಯ ಕ್ರಾಸಿನಿಂದ 3 ಕಿಲೋಮೀಟರ್ ಒಳಗೆ, ತಾಲ್ಲೂಕು ಪೇಟೆಗೆ 22. ನಾವೇ ಐದಾರು ಜನ ಓಡಾಡಿ, ಇನ್ನೂರು ಸಹಿ ಹಾಕಿಸಿ, ಅರ್ಜಿ ಕೊಟ್ಟು ತರಿಸಿದ ಬಸ್ ಅದು. ಮೊದಲ ದಿನ ಬಾಳೆಕಂಬ ಕಟ್ಟಿ, ಕಾಯಿ ಒಡೆದು, ಡ್ರೈವರ್ ಕಂಡಕ್ಟರ್ ಇಬ್ಬರಿಗೂ ಹಾರ ಹಾಕಿದೆವು. ಎರಡನೇ ವಾರಕ್ಕೆ ಬಸ್ಸಿನಲ್ಲಿ ಏಳೆಂಟು ಜನ. ಮಳೆ ಹಿಡಿಯುವ ಹೊತ್ತಿಗೆ ಕಂಡಕ್ಟರ್ ಒಬ್ಬರೇ ಕಿಟಕಿ ಪಕ್ಕ ಕೂತು ಬರುತ್ತಿದ್ದರು. ಕಲೆಕ್ಷನ್ ಇಲ್ಲ ಅಂತ ಟ್ರಿಪ್ ನಿಂತಿತು.

ಡಿಪೋದವರನ್ನು ಚೆನ್ನಾಗಿ ಬೈದೆವು. ಆಮೇಲೆ ಗೊತ್ತಾಯಿತು, ತಪ್ಪು ನಮ್ಮದೇ. ಬಸ್ ಹೊರಡುತ್ತಿದ್ದದ್ದು 9.15ಕ್ಕೆ. ಆ ಹೊತ್ತು ಕೇಳಿದವರು ನಾವೇ. ಬ್ಯಾಂಕು, ತಾಲ್ಲೂಕು ಆಫೀಸು ತೆರೆಯುವುದಕ್ಕೆ ಸರಿಹೋಗುತ್ತದೆ ಅಂತ. ಆದರೆ ಸಭೆಯಲ್ಲಿ ಕೂತು ಆ ಹೊತ್ತು ಹೇಳಿದ ಗಂಡಸರೆಲ್ಲರ ಮನೆಯಲ್ಲೂ ಬೈಕ್ ಇತ್ತು. ಕಾಲೇಜಿನ ಮಕ್ಕಳು, ಪೇಟೆ ಅಂಗಡಿಗಳಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಏಳಕ್ಕೇ ಮನೆ ಬಿಟ್ಟು ಕ್ರಾಸಿಗೆ ನಡೆದಿರುತ್ತಿದ್ದರು. ಇನ್ನೂರು ಸಹಿಯಲ್ಲಿ ಅವರದೂ ಇತ್ತು. ಎಷ್ಟು ಹೊತ್ತಿಗೆ ಬೇಕು ಅಂತ ಮಾತ್ರ ಅವರನ್ನು ಯಾರೂ ಕೇಳಿರಲಿಲ್ಲ.

ಎರಡನೇ ಸಲ ಬೇರೆ ಥರ ಮಾಡಿದೆವು. ಮೊದಲು ಕೇಳಿದೆವು, ಆಮೇಲೆ ಅರ್ಜಿ ಬರೆದೆವು. ಆ ಕೇಳುವ ಕೆಲಸ ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಬಯಲುಸೀಮೆಯವರು ಅಡಿಕೆ ಅಂತ ಇದ್ದಲ್ಲಿ ಶೇಂಗಾ ಅಂತ, ಸಂಕ (ಹಳ್ಳ ದಾಟುವ ಕಾಲುಸೇತುವೆ) ಅಂತ ಇದ್ದಲ್ಲಿ ಹಳ್ಳ ಅಂತ ಓದಿಕೊಳ್ಳಿ. ಕೆಲಸ ಅದೇ.

ತಂಡದಲ್ಲಿ ಯಾರಿರಬೇಕು

ನಾಲ್ಕೈದು ಜನ ಸಾಕು. ಆದರೆ ಐದೂ ಜನ ಒಂದೇ ಕೇರಿಯವರು, ಒಂದೇ ಪಾರ್ಟಿಯವರು ಆಗಬಾರದು. ಪಂಚಾಯ್ತಿ ಎಲೆಕ್ಷನ್ ಹತ್ತಿರ ಇದ್ದರೆ ಈ ಕೆಲಸಕ್ಕೆ ಇಳಿಯಲೇಬೇಡಿ. ವೋಟಿಗೆ ಬಂದಿದ್ದಾರೆ ಅಂದುಕೊಂಡು ಎಲ್ಲರೂ ‘ಆಯ್ತು ಆಯ್ತು’ ಅಂತಾರೆ, ಒಂದು ನಿಜವೂ ಹೊರಗೆ ಬರುವುದಿಲ್ಲ.

ನಮ್ಮ ತಂಡದಲ್ಲಿ ಆಶಾ ಕಾರ್ಯಕರ್ತೆ ಇದ್ದರು, ಹಾಲಿನ ಡೇರಿಯ ಕಾರ್ಯದರ್ಶಿ ಇದ್ದರು, ಪಿಯುಸಿ ಓದುವ ಹುಡುಗಿ ಇದ್ದಳು. ಇನ್ನೊಬ್ಬರು ಊರಿನ ಆಟೋದವರು. ಅವರನ್ನು ಸೇರಿಸಿದ್ದಕ್ಕೆ ಕೆಲವರು ಮೂಗು ಮುರಿದರು. ಬಸ್ ಬಂದರೆ ಅವರ ಬಾಡಿಗೆ ಹೋಗುತ್ತದಲ್ಲ, ಅವರು ಯಾಕೆ ಸಹಾಯ ಮಾಡುತ್ತಾರೆ ಅಂತ. ಆದರೆ ನೋಡಿ, ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಬಂದವರನ್ನು ಯಾರ ಮನೆಯಿಂದ ಕರೆದುಕೊಂಡು ಹೋದೆ, ಹಾವು ಕಚ್ಚಿದವರನ್ನು ಸಾಗಿಸುವಾಗ ಎಲ್ಲಿ ರಸ್ತೆ ಕೈ ಕೊಟ್ಟಿತು, ಇವೆಲ್ಲ ಊರಿನಲ್ಲಿ ಅವರೊಬ್ಬರಿಗೇ ಗೊತ್ತು. ಅವರ ಹೆದರಿಕೆಯನ್ನೂ ಮೊದಲೇ ಕೇಳಿಕೊಂಡಿರಿ. ನಮ್ಮ ಆಟೋದವರು ಹೇಳಿದ್ದು ಇಷ್ಟೇ: “ಬೆಳಗ್ಗೆ ಬಸ್ ಬರಲಿ ಅಣ್ಣ, ನಂಗೆ ಬೆಳಗ್ಗೆ ಬಾಡಿಗೆ ಸಿಗೋದೇ ಇಲ್ಲ. ಮಧ್ಯಾಹ್ನಕ್ಕೆ ಮಾತ್ರ ತರಿಸಬೇಡಿ.”

ಮನೆಮನೆಗೆ ಹೋದಾಗ ಮೊದಲ ಮಾತು ಇದಾಗಿರಲಿ: “ಬಸ್ ತರಿಸ್ತೀವಿ ಅಂತ ಹೇಳೋಕೆ ಬಂದಿಲ್ಲ. ನೀವು ಹೇಗೆ ಓಡಾಡ್ತೀರಿ ಅಂತ ಕೇಳೋಕೆ ಬಂದಿದೀವಿ.” ಬಸ್ ಕೊಡುವುದು ನಿಮ್ಮ ಕೈಯಲ್ಲಿ ಇಲ್ಲ. ಇಲ್ಲದ್ದನ್ನು ಕೊಡುತ್ತೇವೆ ಅಂದರೆ ಮುಂದಿನ ಸಲ ಬಾಗಿಲು ತೆಗೆಯುವುದಿಲ್ಲ.

ಕೇಳುವ ಮುಂಚೆ ಒಂದು ದಿನ ಸುಮ್ನೆ ಕೂತು ನೋಡಿ

ಕ್ರಾಸಿನಲ್ಲಿ ಕೂರಬೇಕು. ಬೆಳಗ್ಗೆ ಆರೂವರೆಯಿಂದ ರಾತ್ರಿ ಏಳರ ತನಕ. ಇಬ್ಬರು ಪಾಳಿ ಮಾಡಿಕೊಂಡರೆ ಆಯಿತು. ಒಂದು ಮಾಮೂಲಿ ದಿನ, ಒಂದು ಸಂತೆ ದಿನ, ಒಂದು ಸೋಮವಾರ, ಹೀಗೆ ಮೂರು ದಿನ. ಮೇ ತಿಂಗಳಲ್ಲಿ ಎಣಿಸಬೇಡಿ, ಶಾಲೆ ಕಾಲೇಜು ಇರುವುದಿಲ್ಲ. ಅಡಿಕೆ ಗೊನೆ ಕೊಯ್ಲಿನ ಕಾಲದಲ್ಲೂ ಬೇಡ. ಆಗ ಪೇಟೆಗೆ ಹೋಗಬೇಕಾದವರೂ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ.

ಹಳೇ ನೋಟ್‌ಬುಕ್ಕಿನಲ್ಲಿ ಐದು ಗೆರೆ ಎಳೆದುಕೊಳ್ಳಿ. ಎಷ್ಟು ಹೊತ್ತಿಗೆ ಬಂದರು, ಯಾವ ಕೇರಿಯಿಂದ, ಹೇಗೆ ಬಂದರು, ಎಲ್ಲಿಗೆ ಹೊರಟಿದ್ದಾರೆ, ಎಷ್ಟು ಹೊತ್ತು ಕಾದರು. ಹೆಸರು ಬೇಡ. ‘ಹೆಂಗಸು, ಮಗು ಎತ್ತಿಕೊಂಡು’, ‘ಕಾಲೇಜು ಹುಡುಗ’, ಇಷ್ಟು ಸಾಕು.

ನಾನು ಕೂತ ದಿನ ಕಂಡದ್ದು ಒಂದು ಹೇಳುತ್ತೇನೆ. 7.50ರ ಬಸ್ಸಿಗೆ ಕಾದವರು ಹದಿನಾಲ್ಕು ಜನ. ಬಸ್ ಬಂದಾಗಲೇ ಫುಟ್‌ಬೋರ್ಡಿನ ತನಕ ತುಂಬಿತ್ತು. ಹುಡುಗರು ಹೇಗೋ ಜೋತುಬಿದ್ದರು. ಬಾಳೆಲೆ ಕಟ್ಟು ಹಿಡಿದಿದ್ದ ಹೆಂಗಸೊಬ್ಬರು ಕಟ್ಟನ್ನು ಮೆಟ್ಟಿಲ ಮೇಲೆ ಇಟ್ಟರು, ಆಮೇಲೆ ಅವರಿಗೇ ಕಾಲಿಡಲು ಜಾಗ ಇರಲಿಲ್ಲ. ಕಟ್ಟು ಇಳಿಸಿಕೊಂಡರು. ಬಸ್ ಹೋಯಿತು. ಅವರು ಕಟ್ಟನ್ನು ಮತ್ತೆ ತಲೆ ಮೇಲೆ ಇಟ್ಟುಕೊಂಡು ಊರ ಕಡೆಗೇ ನಡೆದರು. ಬಸ್ಸಿನ ಲೆಕ್ಕದಲ್ಲಿ ಈ ಹೆಂಗಸು ಇಲ್ಲ. ಟಿಕೆಟ್ ಮೆಷಿನ್ನಿಗೆ ಹತ್ತಿದವರು ಮಾತ್ರ ಗೊತ್ತು, ಹತ್ತಲಾಗದೆ ತಿರುಗಿ ಹೋದವರು ಗೊತ್ತಿಲ್ಲ. ಅವರನ್ನು ಎಣಿಸಬೇಕಾದವರು ನೀವೇ. ನೋಟ್‌ಬುಕ್ಕಿನಲ್ಲಿ ಆರನೇ ಗೆರೆ ನಾನು ಎಳೆದದ್ದು ಅವತ್ತೇ: ‘ವಾಪಸ್ ಹೋದವರು’.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಈ ಲೆಕ್ಕ ಇನ್ನೂ ಮುಖ್ಯ. ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ, ಸರಿ. ಆದರೆ ಮಲೆನಾಡು, ಕರಾವಳಿಯ ಎಷ್ಟೋ ರೂಟುಗಳಲ್ಲಿ ಓಡುವುದು ಖಾಸಗಿ ಬಸ್. ಅಲ್ಲಿ ಶಕ್ತಿ ನಡೆಯುವುದಿಲ್ಲ. ಹಾಗಾಗಿ ‘ಯಾವ ಬಸ್ಸಿಗೆ ಕಾಯುತ್ತಿದ್ದೀರಿ’ ಅಂತಲೂ ಕೇಳಿ. ಎದುರಿಗೆ ಬಂದ ಖಾಸಗಿ ಬಸ್ ಬಿಟ್ಟು, ಮುಕ್ಕಾಲು ಗಂಟೆ ಕಾದು ಸರ್ಕಾರದ ಕೆಂಪು ಬಸ್ಸಿಗೆ ಹೋಗುವವರು ಇರುತ್ತಾರೆ. ಅವರ ಒಂದು ದಿನದ ಕೂಲಿಯಲ್ಲಿ ಆ ಟಿಕೆಟ್ ಎಷ್ಟು ದೊಡ್ಡದು ಅನ್ನುವುದು ಆ ಮುಕ್ಕಾಲು ಗಂಟೆಯಲ್ಲಿ ಕಾಣುತ್ತದೆ.

‘ಬಸ್ ಬೇಕಾ?’ ಅಂತ ಕೇಳಬೇಡಿ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಸ್ ಬೇಕಾ ಅಂದರೆ ಯಾರು ಬೇಡ ಅಂತಾರೆ? ಎರಡು ಕಾರು ಇದ್ದವರೂ ಬೇಕು ಅಂತಾರೆ. ಇಲ್ಲವೇ, ನಿಜವಾಗಿ ಬೇಕಾದವರೇ ಸಂಕೋಚದಿಂದ ಬೇಡ ಅಂತಾರೆ.

ಮೇಲಿನ ಕೇರಿಯ ಅಜ್ಜಿಯೊಬ್ಬರ ಮನೆಯಲ್ಲಿ ನಡೆದ ಮಾತು ಇದು.

“ಬಸ್ ಬಂದ್ರೆ ಅನುಕೂಲ ಆಗುತ್ತಾ ಅಜ್ಜಿ?”

“ನಂಗೆಲ್ಲಿ ಹೋಗೋದಿದೆ ತಮ್ಮ. ಮಕ್ಳಿಗೆ ಕೇಳು.”

ಇಲ್ಲಿಗೆ ನಿಲ್ಲಿಸಿದ್ದರೆ ‘ಅಜ್ಜಿ: ಬಸ್ ಬೇಡ’ ಅಂತ ಬರೆದುಕೊಂಡು ಬರುತ್ತಿದ್ದೆವು. ಆಶಾ ಅಕ್ಕ ಪಕ್ಕದಲ್ಲಿ ಕೂತು ಬೇರೆ ಥರ ಕೇಳಿದರು.

“ಬಿಪಿ ಮಾತ್ರೆ ಖಾಲಿಯಾಯ್ತಾ?”

“ಅದು ಮುಗಿದು ಎರಡು ತಿಂಗ್ಳಾಯ್ತು.”

“ತರಿಸ್ಕೊಳ್ಳಿಲ್ವಾ?”

“ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಸಟ್ಟೆ ಕೊಡ್ತಾರೆ. ಹೋಗಿ ಬರೋಕೆ ಆಟೋದವ್ರಿಗೆ ಮುನ್ನೂರು ಕೊಡ್ಬೇಕು. ಮಗ ಬಂದಾಗ ಹೋದ್ರಾಯ್ತು ಅಂತ ಬಿಟ್ಟೆ.”

ಅದಕ್ಕೇ ಬಸ್ಸಿನ ಮಾತು ಎತ್ತಬೇಡಿ. ಓಡಾಟದ ಮಾತು ಎತ್ತಿ. ನಾವು ಕೊನೆಗೆ ಇಟ್ಟುಕೊಂಡ ಪ್ರಶ್ನೆಗಳು ಇವು:

– ಕಳೆದ ಎಂಟು ದಿನದಲ್ಲಿ ಮನೆಯವರು ಎಲ್ಲೆಲ್ಲಿಗೆ ಹೋಗಿದ್ದರು? ಒಬ್ಬೊಬ್ಬರದೂ ಹೇಳಿ.
– ಮನೆ ಬಿಟ್ಟದ್ದು ಎಷ್ಟು ಹೊತ್ತಿಗೆ, ಮನೆ ಸೇರಿದ್ದು ಎಷ್ಟು ಹೊತ್ತಿಗೆ?
– ಎಷ್ಟು ದೂರ ನಡೆದಿರಿ? ಮಳೆಗಾಲದಲ್ಲಿ ಅದೇ ದಾರಿಯಾ?
– ಎಷ್ಟು ಖರ್ಚಾಯಿತು?
– ಹೋಗಬೇಕು ಅಂದುಕೊಂಡು ಹೋಗದೇ ಇದ್ದದ್ದು ಯಾವುದಾದರೂ ಇದೆಯಾ? ಯಾಕೆ?
– ಹೋಗುವುದು ಕಷ್ಟವೋ, ಬರುವುದು ಕಷ್ಟವೋ?

ಐದನೇ ಪ್ರಶ್ನೆಗೆ ಜಾಸ್ತಿ ಹೊತ್ತು ಕೊಡಿ. ಉತ್ತರ ತಕ್ಷಣ ಬರುವುದಿಲ್ಲ. ಕಾಫಿ ಕೊಡುತ್ತಾರೆ, ಕುಡಿಯಿರಿ. ಲೋಟ ಖಾಲಿಯಾಗುವ ಹೊತ್ತಿಗೆ ಒಂದೊಂದೇ ಬರುತ್ತದೆ. ಡಿಗ್ರಿಗೆ ಸೇರಿಸಬೇಕಿತ್ತು, ಸಂಜೆ ಬಸ್ ಇಲ್ಲ ಅಂತ ಬಿಡಿಸಿದೆವು. ಆಧಾರ್‌ಗೆ ಬೆರಳಚ್ಚು ಕೊಡಬೇಕಿತ್ತು, ಎರಡು ಸಲ ಹೋಗಿ ಸರ್ವರ್ ಇಲ್ಲ ಅಂತ ಬಂದೆವು, ಮೂರನೇ ಸಲಕ್ಕೆ ದುಡ್ಡಿರಲಿಲ್ಲ.

ಗಂಡಸರು ಹೆಂಡತಿಯ ಪರವಾಗಿ ಉತ್ತರ ಕೊಡುವುದು ಇದ್ದದ್ದೇ. ‘ಅವಳು ಎಲ್ಲೂ ಹೋಗಲ್ಲ’ ಅಂತ ಅವರು ಹೇಳುವಾಗ ಅಡುಗೆಮನೆ ಬಾಗಿಲಲ್ಲಿ ನಿಂತವರ ಮುಖ ನೋಡಿ. ಆಮೇಲೆ ಇನ್ನೊಂದು ದಿನ ಅವರನ್ನೇ ಬೇರೆ ಕಡೆ ಕೇಳಿ.

ಸಭೆಗೆ ಬಾರದವರು ಎಲ್ಲಿ ಸಿಗುತ್ತಾರೆ

ಗ್ರಾಮಸಭೆ ಸಾಮಾನ್ಯವಾಗಿ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ಕೂಲಿಗೆ ಹೋದವರು ತೋಟದಲ್ಲಿ, ಮಕ್ಕಳು ಶಾಲೆಯಲ್ಲಿ. ಇನ್ನು ಬಸ್ ಇಲ್ಲದ ಕೇರಿಯವರು ಬಸ್ ಬಗ್ಗೆ ಮಾತಾಡಲು ಪಂಚಾಯ್ತಿ ಆಫೀಸಿಗೆ ಬರುವುದು ಹೇಗೆ, ನೀವೇ ಹೇಳಿ. ಸಭೆಯನ್ನೇ ಅವರಿದ್ದಲ್ಲಿಗೆ ತೆಗೆದುಕೊಂಡು ಹೋಗಬೇಕು.

ಹೆಂಗಸರಿಗೆ ಹಾಲಿನ ಡೇರಿ ಒಳ್ಳೆಯ ಜಾಗ. ಬೆಳಗ್ಗೆ ಸಂಜೆ ಎರಡು ಹೊತ್ತು ಕ್ಯಾನ್ ಹಿಡಿದು ಬಂದೇ ಬರುತ್ತಾರೆ, ಫ್ಯಾಟ್ ನೋಡುವ ತನಕ ಐದು ನಿಮಿಷ ಸಿಗುತ್ತದೆ. ಸ್ವಸಹಾಯ ಸಂಘದ ವಾರದ ಸಭೆ ಇನ್ನೂ ಒಳ್ಳೆಯದು, ಕಂತು ಕಟ್ಟಿದ ಮೇಲೆ ಅರ್ಧ ಗಂಟೆ ಕೇಳಿಕೊಳ್ಳಿ. ಬಸುರಿಯರು ಪ್ರತಿ ತಿಂಗಳ 9ನೇ ತಾರೀಖು ತಪಾಸಣೆಗೆ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಾರೆ. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತರೆ ಯಾರು ಹೇಗೆ ಬಂದರು, ಯಾರು ಬರಲಿಲ್ಲ, ಎರಡೂ ಗೊತ್ತಾಗುತ್ತದೆ.

ಮಕ್ಕಳಿಗೆ ಅವರದೇ ಸಭೆ ಇದೆ. ಮಕ್ಕಳ ಗ್ರಾಮಸಭೆ ಅಂತ ವರ್ಷಕ್ಕೊಮ್ಮೆ ಪಂಚಾಯ್ತಿಯವರು ಮಾಡಬೇಕು. ಎಷ್ಟೋ ಕಡೆ ಅದು ಭಾಷಣ, ಬಿಸ್ಕತ್ತು, ಫೋಟೋದಲ್ಲಿ ಮುಗಿಯುತ್ತದೆ. ಪಿಡಿಒ ಅವರಿಗೆ ಮೊದಲೇ ಹೇಳಿ, ಶಾಲೆಗೆ ಬರುವ ದಾರಿಯ ಬಗ್ಗೆಯೇ ಅರ್ಧ ಗಂಟೆ ಇಡಿಸಿ. ದೊಡ್ಡವರು ಮಾತಾಡಬಾರದು ಅಂತ ಷರತ್ತು ಹಾಕಿ. ನಮ್ಮಲ್ಲಿ ಆರನೇ ಕ್ಲಾಸಿನ ಹುಡುಗನೊಬ್ಬ ಎದ್ದು ಹೇಳಿದ: “ಬಸ್ಸು ಬೇಡ ಸಾರ್, ಸಂಕಕ್ಕೆ ಕೈಹಿಡಿ ಹಾಕ್ಸಿ.” ಮಳೆಗಾಲದಲ್ಲಿ ಅಡಿಕೆ ಮರದ ಕಾಲುಸಂಕ ದಾಟದೆ ಆ ಮಕ್ಕಳು ಕ್ರಾಸಿಗೇ ಬರುವಂತಿಲ್ಲ. ಕ್ರಾಸಿಗೆ ಎಷ್ಟು ಬಸ್ ಬಂದರೇನು?

ಕಾಫಿ ತೋಟ ಇರುವ ಕಡೆ ತೋಟದ ಕೂಲಿಯವರು ಇರುವ ಲೈನ್ ಮನೆಗಳಿಗೆ ಹೋಗಲೇಬೇಕು. ಅಲ್ಲಿರುವವರಲ್ಲಿ ಎಷ್ಟೋ ಜನರಿಗೆ ಊರಿನಲ್ಲಿ ವೋಟಿಲ್ಲ. ಹಾಗಾಗಿ ಅವರನ್ನು ಯಾರೂ ಏನೂ ಕೇಳುವುದಿಲ್ಲ. ಸಂತೆ ದಿನ ಬಸ್ ತುಂಬಿಸುವವರು ಮಾತ್ರ ಅವರೇ. ಕನ್ನಡ ಬಾರದವರು ಇದ್ದರೆ ಅವರಲ್ಲೇ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಳ್ಳಿ. ಮೇಸ್ತ್ರಿಯನ್ನು ಕರೆದುಕೊಳ್ಳಬೇಡಿ, ಅವನ ಎದುರು ಮಾತಾಡುವುದಿಲ್ಲ.

ನಡೆಯಲಾಗದವರ, ಕಣ್ಣು ಕಾಣದವರ ಮನೆಗಳು ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತಿರುತ್ತವೆ. ಅವರ ಜೊತೆ ಹೋಗಿ. ‘ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಗೊತ್ತಾ ನಿಮಗೆ’ ಅಂತ ಒಬ್ಬರು ಕೇಳಿದಾಗ ನನಗೆ ಉತ್ತರ ಗೊತ್ತಿರಲಿಲ್ಲ.

ಎಲ್ಲರನ್ನೂ ಸೇರಿಸಿ ಮಾತಾಡುವ ದಿನ ಜಾಗ ನೋಡಿ ಆರಿಸಿ. ದೇವಸ್ಥಾನದ ಜಗುಲಿಯಲ್ಲಿ ಕೂತರೆ ಯಾವ ಕೇರಿಯವರು ಹೊರಗೇ ನಿಲ್ಲುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಶಾಲೆಯ ವರಾಂಡವೋ ಅಂಗನವಾಡಿಯೋ ಆಗಲಿ.

ರಂಗೋಲಿ ಪುಡಿ, ಮೂರು ಅಡಿಕೆ

ಆ ದಿನ ಮೈಕು, ವೇದಿಕೆ ಬೇಡ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯಿರಿ. ಮಕ್ಕಳ ಕೈಗೆ ಕೊಟ್ಟರೆ ಚೆನ್ನಾಗಿ ಬರೆಯುತ್ತಾರೆ. ರಸ್ತೆ, ಕಾಲುದಾರಿ, ಸಂಕ, ಶಾಲೆ, ಡೇರಿ, ರೇಷನ್ ಅಂಗಡಿ, ಆಸ್ಪತ್ರೆ, ಬಸ್ ನಿಲ್ಲುವ ಜಾಗ, ಫೋನಿಗೆ ನೆಟ್‌ವರ್ಕ್ ಸಿಗುವ ತಿರುವು. ಎಲ್ಲೋ ಒಂದು ಗೆರೆ ತಪ್ಪುತ್ತದೆ. ಅಷ್ಟೊತ್ತಿಗೆ ಹಿಂದೆ ನಿಂತಿದ್ದವರೆಲ್ಲ ‘ಅಲ್ಲ ಅಲ್ಲ, ಆ ದಾರಿ ಹಳ್ಳದ ಈ ಕಡೆಯಿಂದ’ ಅಂತ ಮುಂದೆ ಬರುತ್ತಾರೆ. ಮಾತು ಶುರುವಾಗುವುದು ಅಲ್ಲೇ.

ಬಸ್ ತಿರುಗುವ ಜಾಗವನ್ನು ಆ ನಕ್ಷೆಯಲ್ಲಿ ಗುರುತು ಮಾಡಿ. ಇದನ್ನು ಮರೆತರೆ ಉಳಿದದ್ದೆಲ್ಲ ದಂಡ. ದೊಡ್ಡ ಬಸ್ ಹಿಂದೆ ಮುಂದೆ ಮಾಡಿ ತಿರುಗಲು ಜಾಗ ಇಲ್ಲ, ಮೋರಿ ಗಟ್ಟಿಯಿಲ್ಲ, ಮರದ ಕೊಂಬೆ ಟಾಪಿಗೆ ಬಡಿಯುತ್ತದೆ ಅಂತ ಅರ್ಜಿ ವಾಪಸ್ ಬರುತ್ತದೆ. ನಾವು ನಿವೃತ್ತ ಡ್ರೈವರ್ ಒಬ್ಬರನ್ನು ಕರೆದುಕೊಂಡು 3 ಕಿಲೋಮೀಟರ್ ನಡೆದೆವು. ಅವರು ಎರಡು ತಿರುವು ತೋರಿಸಿ “ಇಲ್ಲಿ ಎದುರಿಗೆ ಲಾರಿ ಬಂದ್ರೆ ಯಾರು ಹಿಂದಕ್ಕೆ ತಗೊಳ್ಳೋದು?” ಅಂದರು. ತೋಟದವರೊಬ್ಬರು ಬೇಲಿ ನಾಲ್ಕು ಅಡಿ ಹಿಂದೆ ಸರಿಸಲು ಒಪ್ಪಿದ್ದು ಅಲ್ಲೇ ನಿಂತು.

ಈಗ ಜಗಳದ ಭಾಗ. ಮೇಲಿನ ಕೇರಿಯವರಿಗೆ ಆಸ್ಪತ್ರೆ ಹೊತ್ತು, ಕೆಳಗಿನ ಕೇರಿಯವರಿಗೆ ಕಾಲೇಜು ಹೊತ್ತು, ಅಂಗಡಿಯವರಿಗೆ ಮಧ್ಯಾಹ್ನ. ಕೈ ಎತ್ತಿಸಿದರೆ ಗೌಡರು ಕೈ ಎತ್ತಿದ ಕಡೆಗೇ ಹತ್ತು ಕೈ ಏಳುತ್ತವೆ. ಅದಕ್ಕೆ ನಾವು ಮಾಡಿದ್ದು ಹೀಗೆ. ಬೇರೆ ಬೇರೆ ಹೊತ್ತು ಬರೆದ ಎಂಟು ಡಬ್ಬಿ ಇಟ್ಟೆವು. ಹೋಗುವ ಹೊತ್ತಿಗೆ ನಾಲ್ಕು, ಬರುವ ಹೊತ್ತಿಗೆ ನಾಲ್ಕು. ಓದಲು ಬಾರದವರಿಗೆ ಡಬ್ಬಿಯ ಮೇಲೆ ಸೂರ್ಯನ ಚಿತ್ರ, ಹಾಲಿನ ಕ್ಯಾನ್ ಚಿತ್ರ. ಪ್ರತಿಯೊಬ್ಬರಿಗೂ ಮೂರು ಅಡಿಕೆ. ಒಳಗೆ ಒಬ್ಬೊಬ್ಬರೇ ಹೋಗಿ ಹಾಕಿ ಬರುವುದು. ಮೂರನ್ನೂ ಒಂದಕ್ಕೇ ಹಾಕಬಹುದು, ಹಂಚಬಹುದು. ಅಡಿಕೆ ಸಿಗದ ಊರಿನಲ್ಲಿ ಹುಣಸೆ ಬೀಜ.

ಎಣಿಸಿದಾಗ ನಾವೆಲ್ಲ ಸುಮ್ಮನಾದೆವು. ಎಲ್ಲಕ್ಕಿಂತ ಜಾಸ್ತಿ ಅಡಿಕೆ ಬಿದ್ದದ್ದು ಬೆಳಗಿನ ಡಬ್ಬಿಗಲ್ಲ, ಸಂಜೆ ಐದೂವರೆಗೆ ಪೇಟೆಯಿಂದ ಹೊರಡುವ ಡಬ್ಬಿಗೆ. ಬೆಳಗ್ಗೆ ಹೇಗೋ ಆಗುತ್ತದೆ, ಯಾರದೋ ಬೈಕ್, ಯಾರದೋ ಹಾಲಿನ ಗಾಡಿ. ಸಂಜೆ ಕ್ರಾಸಿನಲ್ಲಿ ಇಳಿದು ಕತ್ತಲಲ್ಲಿ 3 ಕಿಲೋಮೀಟರ್ ಕಾಡುದಾರಿ ನಡೆಯಬೇಕಲ್ಲ, ಕಷ್ಟ ಅಲ್ಲಿತ್ತು. ಮೊದಲ ಸಲದ ಅರ್ಜಿಯಲ್ಲಿ ಸಂಜೆ ಅನ್ನುವ ಪದವೇ ಇರಲಿಲ್ಲ.

ಡಿಪೋಗೆ ಅರ್ಥವಾಗುವ ಹಾಗೆ ಬರೆಯುವುದು

ಊರು ಹೇಳಿದ್ದನ್ನು ಡಿಪೋದ ಮಾತಿಗೆ ತಿರುಗಿಸಬೇಕು. ಅವರ ಲೆಕ್ಕ ಇರುವುದು ಷೆಡ್ಯೂಲ್, ಟ್ರಿಪ್, ಕಿಲೋಮೀಟರಿಗೆ ಎಷ್ಟು ಕಲೆಕ್ಷನ್, ಖಾಲಿ ಓಡುವ ಕಿಲೋಮೀಟರ್ ಎಷ್ಟು ಅನ್ನುವುದರಲ್ಲಿ. ‘ಗ್ರಾಮಸ್ಥರಿಗೆ ತುಂಬಾ ತೊಂದರೆಯಾಗುತ್ತಿದೆ’ ಅಂತ ನಾಲ್ಕು ಪುಟ ಬರೆದರೆ ಯಾರೂ ಓದುವುದಿಲ್ಲ. ಒಂದೇ ಪುಟ. ಯಾವ ಹೊತ್ತು, ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ವಾರದಲ್ಲಿ ಎಷ್ಟು ದಿನ. ಕೆಳಗೆ ಮೂರು ದಿನದ ಎಣಿಕೆ. ನಕ್ಷೆಯ ಫೋಟೋ. ತಿರುಗುವ ಜಾಗದ ಫೋಟೋ.

ಹೊಸ ಬಸ್ ಕೇಳುವ ಮುಂಚೆ ಇರುವ ಬಸ್ಸನ್ನೇ ಸ್ವಲ್ಪ ಬದಲಾಯಿಸಬಹುದಾ ನೋಡಿ. ಕ್ರಾಸಿನಲ್ಲಿ ಹಾದುಹೋಗುವ ಬಸ್ ಊರೊಳಗೆ ಬಂದು ಹೋದರೆ 6 ಕಿಲೋಮೀಟರ್ ಜಾಸ್ತಿ, ಅಷ್ಟೇ. ಹೊತ್ತು ಇಪ್ಪತ್ತು ನಿಮಿಷ ಹಿಂದೆ ಮುಂದೆ ಮಾಡಿದರೂ ಎಷ್ಟೋ ಸಲ ಸಾಕಾಗುತ್ತದೆ. ಸಂಜೆ ಬಂದು ಊರಲ್ಲೇ ಉಳಿದು ಬೆಳಗ್ಗೆ ಹೊರಡುವ ನೈಟ್ ಹಾಲ್ಟ್ ಬಸ್ ಬೇಕು ಅನ್ನುವುದಾದರೆ ಡ್ರೈವರ್ ಕಂಡಕ್ಟರಿಗೆ ಮಲಗಲು ಕೋಣೆ, ನೀರು, ಶೌಚಾಲಯ ನೀವು ತೋರಿಸಬೇಕು. ಇಡೀ ದಿನ ಬಸ್ ಓಡಿಸಿದವರನ್ನು ಸೊಳ್ಳೆ ಮಧ್ಯೆ ಸೀಟಿನ ಮೇಲೆ ಮಲಗಿ ಅನ್ನುವುದು ಸರಿಯಲ್ಲ ಅಲ್ವಾ.

ಅರ್ಜಿ ಯಾರಿಗೆ? ರಾಜ್ಯದಲ್ಲಿ ನಾಲ್ಕು ಸಾರಿಗೆ ನಿಗಮಗಳಿವೆ. ಬೆಂಗಳೂರಿಗೆ ಬಿಎಂಟಿಸಿ, ಹುಬ್ಬಳ್ಳಿಯಿಂದ ನಡೆಯುವ ವಾಯವ್ಯ, ಕಲಬುರಗಿಯಿಂದ ನಡೆಯುವ ಕಲ್ಯಾಣ ಕರ್ನಾಟಕ, ಉಳಿದ ಕಡೆ ಕೆಎಸ್‌ಆರ್‌ಟಿಸಿ. ಜಿಲ್ಲೆಯ ಗಡಿಯ ಊರಿನವರು ಇದನ್ನು ಸರಿಯಾಗಿ ನೋಡಿಕೊಳ್ಳಿ. ಸಾಗರ ಕೆಎಸ್‌ಆರ್‌ಟಿಸಿ, ಪಕ್ಕದ ಸಿದ್ದಾಪುರ ವಾಯವ್ಯ. ನಿಮ್ಮ ಪೇಟೆ ಆ ಕಡೆ ಇದ್ದರೆ ಎರಡೂ ಕಡೆ ಕೊಡಬೇಕಾಗಬಹುದು. ಮೊದಲ ಪ್ರತಿ ಡಿಪೋ ಮ್ಯಾನೇಜರಿಗೆ, ಎರಡನೆಯದು ವಿಭಾಗೀಯ ನಿಯಂತ್ರಣಾಧಿಕಾರಿಗೆ. ಸಾರಿಗೆಯವರು ಇವರನ್ನೂ ‘ಡಿಸಿ’ ಅಂತಲೇ ಕರೆಯುತ್ತಾರೆ. ‘ಡಿಸಿಗೆ ಕೊಡಿ’ ಅಂದರು ಅಂತ ನಾವು ಮೊದಲ ಸಲ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಧ ದಿನ ಕಾದಿದ್ದೆವು.

ಖಾಸಗಿ ಬಸ್ಸಿನ ರೂಟಾದರೆ ಮಾತ್ರ ನಿಜವಾದ ಡಿಸಿ ಬೇಕು. ಪರ್ಮಿಟ್, ಹೊತ್ತು ತೀರ್ಮಾನಿಸುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ಮಾಲೀಕರ ಜೊತೆಯೂ ಕೂತು ಮಾತಾಡಿ. ಮಲೆನಾಡಿನವರಿಗೆ ಕೊಪ್ಪದ ಸಹಕಾರ ಸಾರಿಗೆ ನೆನಪಿರುತ್ತದೆ. ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿ, ಒಳಹಳ್ಳಿಗಳಿಗೆಲ್ಲ ಬಸ್ ಓಡಿಸಿದವರು. 2020ರಲ್ಲಿ ನಷ್ಟ ತಡೆಯಲಾರದೆ ನಿಂತಿತು. ನಮ್ಮವರೇ ಓಡಿಸಿದರೂ ಡೀಸೆಲ್ಲಿಗೆ ದುಡ್ಡು ಬೇಕು. ಮಾಲೀಕರು ‘ಗಿಟ್ಟುವುದಿಲ್ಲ’ ಅಂದಾಗ ಸುಳ್ಳು ಅಂತ ಎದ್ದು ಬರಬೇಡಿ, ಎಷ್ಟು ಜನ ಬಂದರೆ ಗಿಟ್ಟುತ್ತದೆ ಅಂತ ಕೇಳಿ.

ಬಸ್ಸೇ ಬೇಕಾಗಿಲ್ಲ ಅನ್ನುವ ಉತ್ತರವೂ ಬರಬಹುದು. ಹತ್ತು ಜನಕ್ಕೆ ವಾರಕ್ಕೆ ಎರಡು ದಿನ ಅಂದರೆ ಗೊತ್ತಾದ ಹೊತ್ತಿಗೆ ಒಂದು ಆಟೋ ಅಥವಾ ಟೆಂಪೋ ಸಾಕು. ಆದರೆ ಬಿಳಿ ಬೋರ್ಡಿನ ಸ್ವಂತ ಗಾಡಿಯಲ್ಲಿ ದುಡ್ಡು ತೆಗೆದುಕೊಂಡು ಜನ ಸಾಗಿಸಬೇಡಿ. ಅಪಘಾತವಾದರೆ ಇನ್ಶೂರೆನ್ಸ್ ಕೈ ಎತ್ತಬಹುದು. ಹಳದಿ ಬೋರ್ಡಿನವರೂ ಬಸ್ಸಿನ ಥರ ಸ್ಟಾಪಿಗೊಬ್ಬರನ್ನು ಹತ್ತಿಸಿ ಟಿಕೆಟ್ ದುಡ್ಡು ತೆಗೆದುಕೊಳ್ಳಲು ಬೇರೆಯೇ ಪರ್ಮಿಟ್ ಬೇಕು. ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಅರ್ಜಿಯ ಜೊತೆ ಗ್ರಾಮಸಭೆಯ ನಿರ್ಣಯ ಇದ್ದರೆ ತೂಕ ಬರುತ್ತದೆ. ಕನಿಷ್ಠ ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಯಲೇಬೇಕು. ಅಲ್ಲಿ ಎಣಿಕೆ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ತೆಗೆದುಕೊಳ್ಳಿ. ಸರ್ಕಾರಿ ಕೆಲಸಗಳ ಪ್ರಗತಿ ನೋಡುವ ತಾಲ್ಲೂಕು ಕೆಡಿಪಿ ಸಭೆಯಲ್ಲಿ ಶಾಸಕರು ಡಿಪೋ ಮ್ಯಾನೇಜರನ್ನು ಕೇಳುವಾಗ ಆ ನಕಲು ಶಾಸಕರ ಕೈಯಲ್ಲಿರಲಿ. ಸ್ವೀಕೃತಿ ಸೀಲು ಹಾಕಿಸದೆ ಯಾವ ಕಚೇರಿಯಿಂದಲೂ ಎದ್ದು ಬರಬೇಡಿ. ಉತ್ತರವೇ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನ. ನಿಮ್ಮ ಅರ್ಜಿ ಏನಾಯಿತು ಅಂತ ಕೇಳುವ ಜೊತೆಗೆ ಆ ರೂಟಿನ ಟ್ರಿಪ್‌ವಾರು ಪ್ರಯಾಣಿಕರ ಸಂಖ್ಯೆಯನ್ನೂ ಕೇಳಿ, ಮುಂದಿನ ಮಾತಿಗೆ ಉಪಯೋಗಕ್ಕೆ ಬರುತ್ತದೆ.

ಕೇಳಿದ ಮೇಲೆ ವಾಪಸ್ ಹೋಗಿ ಹೇಳಿ

ಇದನ್ನು ಯಾರೂ ಮಾಡುವುದಿಲ್ಲ. ಏನು ಕೇಳಿಕೊಂಡೆವು, ಏನು ಬರೆದೆವು, ಏನು ಸಿಗಲಿಲ್ಲ, ಎಲ್ಲವನ್ನೂ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಡೇರಿ ಗೋಡೆಗೆ ಅಂಟಿಸಿ. ವಾಟ್ಸಾಪ್ ಗ್ರೂಪಿಗೂ ಹಾಕಿ. ಆದರೆ ಯಾರ ಮನೆಯಲ್ಲಿ ಯಾರಿಗೆ ಕಾಯಿಲೆ, ಯಾರ ಮಗಳನ್ನು ಕಾಲೇಜು ಬಿಡಿಸಿದ್ದು, ಅದು ಅಲ್ಲಿ ಹೋಗಬಾರದು. ಮನೆಮನೆಯ ಹಾಳೆಗಳು ಒಬ್ಬರ ಬೀರುವಿನಲ್ಲೇ ಇರಲಿ.

ಬಸ್ ಬಂದರೆ ಮೊದಲ ಮೂರು ತಿಂಗಳು ಕಾವಲು ಕಾಯಬೇಕು. ವಾರಕ್ಕೆ ಒಂದು ದಿನ ಎಣಿಸಿ. ಹೆಂಗಸರಿಗೆ ಮತ್ತೆ ಮತ್ತೆ ಹೇಳಿ, ಉಚಿತ ಅಂತ ಟಿಕೆಟ್ ಬೇಡ ಅನ್ನಬೇಡಿ, ಶೂನ್ಯ ಟಿಕೆಟ್ ಕೇಳಿ ತೆಗೆದುಕೊಳ್ಳಿ. ನಿಗಮಕ್ಕೆ ಸರ್ಕಾರದಿಂದ ಹಣ ಬರುವುದು ಆ ಚೀಟಿಯ ಲೆಕ್ಕದಲ್ಲಿ. ಟಿಕೆಟ್ ಹರಿಯದೆ ಹೋದ ಹತ್ತು ಹೆಂಗಸರು ಡಿಪೋ ಲೆಕ್ಕದಲ್ಲಿ ಖಾಲಿ ಸೀಟು.

ನಮಗೆ ಮೊದಲು ಸಿಕ್ಕಿದ್ದು ಬೆಳಗಿನ 7.50ರ ಬಸ್ಸು ಊರೊಳಗೆ ಬಂದು ಹೋಗುವುದು. ಈಗ ಊರಿನಿಂದಲೇ 7.40ಕ್ಕೆ ಹೊರಡುತ್ತದೆ. ಸಂಜೆಯ ಬಸ್ಸಿಗೆ ಇನ್ನೂ ಎರಡು ಸಲ ಡಿಪೋಗೆ ಅಲೆಯಬೇಕಾಯಿತು, ಆಮೇಲೆ ಬಂತು. ಸಂಕಕ್ಕೆ ಕೈಹಿಡಿಯನ್ನು ಪಂಚಾಯ್ತಿಯವರೇ ಹಾಕಿಸಿದರು, ಅದಕ್ಕೆ ಯಾವ ಡಿಪೋದ ಅಪ್ಪಣೆಯೂ ಬೇಕಾಗಿರಲಿಲ್ಲ. ಮೇಲಿನ ಕೇರಿಯ ಅಜ್ಜಿ ತಿಂಗಳಿಗೊಮ್ಮೆ ಮಾತ್ರೆ ತರಲು ಹೋಗುತ್ತಾರೆ, ಹೋದವರು ತಂಗಿ ಮನೆಗೂ ಹೋಗಿ ಸಂಜೆ ಬಸ್ಸಿಗೆ ಬರುತ್ತಾರೆ.

ಡೇರಿ ಗೋಡೆಯ ಹಾಳೆಯ ಕೆಳಗೆ ಮೊನ್ನೆ ಯಾರೋ ಪೆನ್ಸಿಲ್ಲಿನಲ್ಲಿ ‘ಭಾನುವಾರ?’ ಅಂತ ಬರೆದಿದ್ದಾರೆ. ಲೈನ್ ಮನೆ ಕಡೆಯವರ ಅಕ್ಷರ ಇರಬೇಕು. ಮುಂದಿನ ವಾರ ಆ ಕಡೆ ನೋಟ್‌ಬುಕ್ ಹಿಡಿದು ಹೋಗಬೇಕು.